ಬೆನ್ನು ಕಳಚಿದ ನಿಘಂಟು: ಒಂದು ದುರಸ್ತಿಯ ಪ್ರಕರಣ

ಪುಸ್ತಕ: ಗಟ್ಟಿ ರಟ್ಟಿಗೆ ಕ್ಯಾಲಿಕೋ ಬಟ್ಟೆ ಹೊದಿಸಿದ ನಿಘಂಟು, 1940ರ ದಶಕದ ಮುದ್ರಣ. 480 ಪುಟ, ಅಂದರೆ 16 ಪುಟಗಳ 30 ಫಾರಂ (ಮಡಚಿ ಒಟ್ಟಿಗೆ ಹೊಲಿಯುವ ಹಾಳೆಗಳ ಕಂತೆ). ಹಾಳೆಯ ಎತ್ತರ 225 ಮಿ.ಮೀ., ಅಗಲ 145 ಮಿ.ಮೀ.; ಬೆನ್ನಿನ ಬಾಗಿನ ಮೇಲೆ ದಾರ ಹಿಡಿದು ಅಳೆದರೆ 40 ಮಿ.ಮೀ. ಫಾರಂಗಳನ್ನು ದಾರದಿಂದ ಹೊಲಿದು, ಬೆನ್ನಿಗೆ ವಜ್ರದ ಅಂಟು (ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡುವ ಅಂಟು) ಬಳಿದು, ಮೇಲೆ ಜಾಲರಿ ಬಟ್ಟೆ ಮತ್ತು ಒಂದು ಕಾಗದ ಅಂಟಿಸಿ, ಬೇರೆಯಾಗಿ ತಯಾರಿಸಿದ ರಟ್ಟಿನ ಹೊದಿಕೆಯೊಳಗೆ ಕೂರಿಸಿದ್ದಾರೆ. ಕಳೆದ ಶತಮಾನದ ಬಹುಪಾಲು ಬಟ್ಟೆ ರಟ್ಟಿನ ಪುಸ್ತಕಗಳ ಕಟ್ಟಡ ಇದೇ.

ಬೇಡಿಕೆ ಸರಳವಾಗಿತ್ತು: ಬೆನ್ನಿನ ಬಟ್ಟೆ ಹರಿದಿದೆ, ಅದನ್ನು ಅಂಟಿಸಬೇಕು. ಹೊರಗಿನಿಂದ ನೋಡಿದರೆ ಅಷ್ಟೇ ಕೆಲಸ ಅನ್ನಿಸುತ್ತದೆ. ಮುಂದಿನ ಕೀಲಿನುದ್ದಕ್ಕೂ, ಅಂದರೆ ರಟ್ಟು ಬೆನ್ನಿಗೆ ಸೇರಿ ಬಾಗುವ ಜಾಗದುದ್ದಕ್ಕೂ, ಬಟ್ಟೆ ಮೇಲಿಂದ ಕೆಳಗಿನವರೆಗೆ ಸೀಳಿದೆ. ಬೆನ್ನಿನ ನೆತ್ತಿಯಲ್ಲಿ 18 ಮಿ.ಮೀ. ಬಟ್ಟೆಯೇ ಇಲ್ಲ; ಕಪಾಟಿನಿಂದ ತೆಗೆಯುವಾಗ ಎಲ್ಲರೂ ಬೆರಳು ಹಾಕಿ ಎಳೆಯುವ ಜಾಗ ಅದು. ಸೀಳಿನ ಮೇಲೆ ಹೊಳಪಿನ ಟೇಪು, ಹಳದಿ ತಿರುಗಿ ಅಂಚು ಎದ್ದಿದೆ. ಹಿಂದಿನ ರಟ್ಟಿನ ಮೇಲೆ ಬೂದು ಬಣ್ಣದ ಬೂಷ್ಟಿನ ತೇಪೆ, ಬೆಳ್ಳಿಮೀನು ಹುಳು ಮೇಲ್ಮೈ ಕೆರೆದು ತಿಂದ ಗುರುತು.

ತೆರೆದು ನೋಡಿದರೆ ವಿಷಯ ಬೇರೆ. ಮುಂದಿನ ರಟ್ಟಿನ ಒಳಕೀಲಿಗೆ ಹಿಂದೆ ಯಾರೋ ಮರಗೆಲಸದ ಬಿಳಿ ಅಂಟನ್ನು ಧಾರಾಳವಾಗಿ ಸುರಿದು ಒತ್ತಿದ್ದಾರೆ. ಅಂಟು ಇನ್ನೂ ಗಟ್ಟಿಯಾಗಿದೆ, ಒಂದಿಷ್ಟೂ ಬಿಟ್ಟಿಲ್ಲ. ಬಿಟ್ಟಿರುವುದು ಕಾಗದ: ಅಂಟಿನ ಅಂಚಿನಲ್ಲಿ, ಮಡಿಕೆಯಿಂದ 4 ಮಿ.ಮೀ. ಈಚೆಗೆ, ಹೆಸರುಪುಟ ನೇರ ಗೆರೆಯಲ್ಲಿ ಹರಿದಿದೆ. ಮೊದಲ ಫಾರಂ ಪೂರ್ತಿ ಸಡಿಲ, ಎರಡನೆಯದು ಮೇಲ್ತುದಿಯ ಗಂಟಿನಲ್ಲಿ ಅಲುಗಾಡುತ್ತದೆ. ಉಳಿದ 28 ಫಾರಂಗಳ ಹೊಲಿಗೆ ಭದ್ರ. ಬೆನ್ನು ಹೊರಕ್ಕೆ ಬಾಗುವ ಬದಲು ಒಳಕ್ಕೆ ಕುಸಿದಿದೆ, ಎದುರಂಚು ರಟ್ಟಿನಿಂದಾಚೆ ಹೊಟ್ಟೆ ಬಂದಂತೆ ಮುಂದೆ ಚಾಚಿದೆ.

ಅಂದರೆ ಬಟ್ಟೆ ಹರಿದದ್ದು ಕೊನೆಯ ಘಟನೆ. ಮೊದಲು ನಡೆದದ್ದು ಇಷ್ಟು: ವಜ್ರದ ಅಂಟು ವರ್ಷ ಕಳೆದಂತೆ ಒಣಗಿ ಬಿರುಸಾಯಿತು, ಬೆನ್ನು ಬಾಗಲಾರದೆ ಬಿರುಕು ಬಿಟ್ಟಿತು, ಜಾಲರಿ ಬಟ್ಟೆ ಮುಂದಿನ ಕೀಲಿನಲ್ಲಿ ಹರಿಯಿತು, ಹಾಳೆಕಟ್ಟಿನ ಭಾರವೆಲ್ಲ ಹೊರಬಟ್ಟೆ ಮತ್ತು ಒಳಹಾಳೆಯ (ರಟ್ಟಿನ ಒಳಮೈಗೆ ಅಂಟಿಸಿದ ಹಾಳೆಯ) ಮೇಲೆ ಬಿತ್ತು. ಆಮೇಲೆ ಬಂದ ಬಿಳಿ ಅಂಟು, ಬಾಗಬೇಕಾದ ಜಾಗವನ್ನೇ ಕಲ್ಲಾಗಿಸಿತು. ರಟ್ಟು ತೆರೆದಾಗಲೆಲ್ಲ ಹಾಳೆ ತನ್ನ ಮಡಿಕೆಯಲ್ಲಿ ಬಾಗದೆ ಅಂಟು ಮುಗಿಯುವ ಗೆರೆಯಲ್ಲಿ ಬಾಗಿತು, ಅಲ್ಲೇ ಹರಿಯಿತು. ಈ ಪ್ರಕರಣದಲ್ಲಿ ಮಾಡಿದ ಪ್ರತಿ ಆಯ್ಕೆಗೂ ಹಿನ್ನೆಲೆ ಇದೇ: ಹಾಕುವ ತೇಪೆ ಪುಸ್ತಕದ ಕಾಗದಕ್ಕಿಂತ ಒಂದು ಕೈ ದುರ್ಬಲವಾಗಿರಬೇಕು, ಕೆಲಸ ಒಳಗಿನಿಂದ ಹೊರಕ್ಕೆ ಸಾಗಬೇಕು. ಹೊರಬಟ್ಟೆಯನ್ನು ಮಾತ್ರ ಸರಿಮಾಡಿದರೆ ಇನ್ನೊಂದು ವರ್ಷಕ್ಕೆ ಮತ್ತೆ ಇದೇ ಸ್ಥಿತಿ, ಜೊತೆಗೆ ಇನ್ನೆರಡು ಹಾಳೆ ನಷ್ಟ.

ಕೈಹಾಕುವ ಮುಂಚೆ

ಮನೆಯಲ್ಲಿ ಮಾಡಬಹುದಾದ ಪುಸ್ತಕವೇ ಇದು ಎಂದು ತೀರ್ಮಾನಿಸಲು ಮೂರು ಪರೀಕ್ಷೆ ಸಾಕಾಯಿತು. ಮೊದಲನೆಯದು ಕಾಗದದ ಕಸುವು. ಹಿಂಭಾಗದ ಖಾಲಿ ಹಾಳೆಯ ಮೂಲೆಯನ್ನು ಹಿಂದಕ್ಕೆ ಮುಂದಕ್ಕೆ ಮಡಿಸಿದಾಗ ನಾಲ್ಕು ಜೋಡಿ ಮಡಿಕೆಗೂ ಮುರಿಯಲಿಲ್ಲ. ಒಂದೆರಡು ಮಡಿಕೆಗೇ ಮೂಲೆ ಉದುರುವಂಥ ಕಾಗದವಾದರೆ ಹೊಲಿಗೆ, ತೇಪೆ ಯಾವುದೂ ನಿಲ್ಲುವುದಿಲ್ಲ. ಅಂಥ ಪುಸ್ತಕಕ್ಕೆ ಪೆಟ್ಟಿಗೆ ಮಾಡಿಟ್ಟು ಸ್ಕ್ಯಾನ್ ಮಾಡಿಕೊಳ್ಳುವುದೇ ದಾರಿ. ಎರಡನೆಯದು ಬಣ್ಣ. ರಟ್ಟಿನ ಒಳಮಡಿಕೆಯ ಬಟ್ಟೆಯನ್ನು ಒದ್ದೆ ಹತ್ತಿಯಿಂದ ಒತ್ತಿದಾಗ ಹತ್ತಿಗೆ ತಿಳಿಗೆಂಪು ಹತ್ತಿತು. ಹೊರಬಟ್ಟೆಗೆ ನೀರು ಸೋಕಿಸುವಂತಿಲ್ಲ ಎಂಬುದು ಅಲ್ಲಿಗೆ ಖಚಿತ. ಮೂರನೆಯದು ಶಾಯಿ. ಅಚ್ಚಿನ ಶಾಯಿ ನೀರಿಗೆ ಜಗ್ಗಲಿಲ್ಲ. ಮುಂದಿನ ಖಾಲಿ ಹಾಳೆಯಲ್ಲಿ ಪೆನ್ನಿನಲ್ಲಿ ಬರೆದ ಹೆಸರು ಮಾತ್ರ ತಕ್ಷಣ ಹರಡತೊಡಗಿತು. ಪರೀಕ್ಷೆಗೆ ಅಕ್ಷರದ ಮೇಲೆ ಹನಿ ಹಾಕಬಾರದು. ಯಾವುದಾದರೂ ಗೆರೆಯ ಬಾಲದ ತುದಿಗೆ ಸೂಜಿಮೊನೆಯಷ್ಟು ನೀರು ತಾಗಿಸಿ ಬ್ಲಾಟಿಂಗ್ ಕಾಗದ ಒತ್ತಿದರೆ ಸಾಕು.

ಪ್ರತಿ ಪುಟ ತಿರುವಿ ಸಂಖ್ಯೆ ತಾಳೆ ನೋಡಿದ್ದಾಯಿತು, ಎಲ್ಲ ಕೋನದಿಂದ ಫೋಟೋ ತೆಗೆದದ್ದಾಯಿತು. ಹುಳುವಿನ ವಿಚಾರಕ್ಕೆ ಪುಸ್ತಕವನ್ನು ಬಿಳಿ ಕಾಗದದ ಮೇಲಿಟ್ಟು ಪಾಲಿಥೀನ್ ಚೀಲದಲ್ಲಿ ಎರಡು ವಾರ ಬಿಟ್ಟರು. ಹೊಸ ಪುಡಿ ಉದುರಲಿಲ್ಲ. ಉದುರಿದ್ದರೆ ಗಾಳಿ ಹಿಂಡಿ ಮುಚ್ಚಿದ ಚೀಲದಲ್ಲಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡಬೇಕಿತ್ತು. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚುವಂತಿಲ್ಲ. ಬಿಚ್ಚಿದರೆ ತಣ್ಣನೆಯ ರಟ್ಟಿನ ಮೇಲೆ ನೀರು ಹನಿಗಟ್ಟುತ್ತದೆ.

ಬೂಷ್ಟು ಒಣ ಪುಡಿಯಾಗಿತ್ತು. ಒದ್ದೆಯಾಗಿ ಮೆತ್ತಿಕೊಳ್ಳುವ ಬೂಷ್ಟನ್ನು ಉಜ್ಜಿದರೆ ಬಟ್ಟೆಯೊಳಕ್ಕೇ ಇಳಿಯುತ್ತದೆ, ಮೊದಲು ಒಣ ಕೋಣೆಯಲ್ಲಿಟ್ಟು ಅದರ ಚಟುವಟಿಕೆ ನಿಲ್ಲಿಸಬೇಕು. ಒಣಗಿದ್ದನ್ನು ಮನೆಯ ಹೊರಗೆ, ಎನ್95 ಮುಖಗವಸು ಹಾಕಿಕೊಂಡು, ಮೆದು ಬ್ರಶ್‌ನಿಂದ ನಮ್ಮಿಂದಾಚೆಗೆ ಗುಡಿಸಿದರೆ ಸಾಕು. ಬ್ರಶ್ ಮತ್ತೆ ಬೇರೆ ಪುಸ್ತಕಕ್ಕೆ ಬೇಡ. ಹಾಳೆಗಳ ಅಂಚಿನ ಧೂಳು ತೆಗೆಯುವಾಗ ಪುಸ್ತಕವನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಬೆನ್ನಿನಿಂದ ಎದುರಂಚಿನ ಕಡೆಗೇ ಗುಡಿಸಬೇಕು. ಹಾಳೆಗಳ ಮೈಗೆ ವಿನೈಲ್ ರಬ್ಬರಿನ ಪುಡಿ. ಬೆರಳ ತುದಿಯಲ್ಲಿ ವೃತ್ತಾಕಾರವಾಗಿ ಉರುಳಿಸಿ, ಪುಡಿಯನ್ನು ಮಡಿಕೆಯಲ್ಲಿ ಬಿಡದೆ ಪೂರ್ತಿ ತೆಗೆಯಬೇಕು.

ಅಂಟುಗಳು ಮತ್ತು ಕಾಗದ

ಮೂರು ಅಂಟು ಬೇಕಾಯಿತು. ಹಾಳೆಗೆ ಹಾಳೆ ಸೇರಿಸಲು ಗೋಧಿ ಪಿಷ್ಟದ ಅಂಟು: 20 ಗ್ರಾಂ ಪಿಷ್ಟವನ್ನು 100 ಮಿ.ಲೀ. ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ 20–25 ನಿಮಿಷ ಬೇಯಿಸುವುದು. ಬಿಳುಪು ಹೋಗಿ ಅರೆಪಾರದರ್ಶಕವಾದ ಕೂಡಲೇ ಇಳಿಸುವುದು ಸಾಮಾನ್ಯ ತಪ್ಪು. ಆಗಿನ್ನೂ ಪಿಷ್ಟ ಅರೆಬೆಂದಿರುತ್ತದೆ, ಅಂಟಿಸಿದ್ದು ಒಣಗಿದ ಮೇಲೆ ಎದ್ದು ಬರುತ್ತದೆ. ಆರಿದ ಮೇಲೆ ಸಣ್ಣ ಜರಡಿಯಲ್ಲಿ ಎರಡು ಸಲ ಒತ್ತಿ ಸೋಸಿ, ಬೇಕಾದಷ್ಟು ನೀರು ಬೆರೆಸಿ ತೆಳು ಕೆನೆಯ ಹದಕ್ಕೆ ತರಬೇಕು. ಫ್ರಿಜ್‌ನಲ್ಲಿ ಒಂದು ವಾರ ಬರುತ್ತದೆ. ಹುಳಿ ವಾಸನೆ ಬಂದರೆ ಅಥವಾ ನೀರು ಬಿಟ್ಟರೆ ಎಸೆಯುವುದು. ಮೈದಾ ಹಿಟ್ಟಿನ ಅಂಟು ಇದೇ ಅಲ್ಲ. ಮೈದಾದಲ್ಲಿ ಪಿಷ್ಟದ ಜೊತೆ ಗ್ಲುಟೆನ್ ಇರುವುದರಿಂದ ಪದರ ಬಿರುಸಾಗುತ್ತದೆ, ಹುಳಕ್ಕೂ ಬೂಷ್ಟಿಗೂ ಇನ್ನಷ್ಟು ಆಹಾರವಾಗುತ್ತದೆ. ಅದಕ್ಕೆ ಮೈಲುತುತ್ತ ಬೆರೆಸುವ ರೂಢಿ ಇನ್ನೂ ಕೆಟ್ಟದ್ದು: ತಾಮ್ರದ ಅಂಶ ಕಾಗದದ ನಾರನ್ನೇ ಬೇಗ ಕೆಡಿಸುತ್ತದೆ.

ಎರಡನೆಯದು ಮಿಥೈಲ್ ಸೆಲ್ಯುಲೋಸ್. 4 ಗ್ರಾಂ ಪುಡಿಯನ್ನು ಕುದಿ ಬರುವ ಮುಂಚಿನ ಬಿಸಿಯ 30 ಮಿ.ಲೀ. ನೀರಿಗೆ ಉದುರಿಸಿ ಕದಡಿ, ಆಮೇಲೆ 70 ಮಿ.ಲೀ. ತಣ್ಣೀರು ಸೇರಿಸಿ ರಾತ್ರಿಯಿಡೀ ಬಿಟ್ಟರೆ ತಿಳಿಯಾದ ಜೆಲ್ಲಿ ಸಿಗುತ್ತದೆ. ಈ ಪುಡಿ ಬಿಸಿನೀರಿನಲ್ಲಿ ಕರಗದೆ ಚದುರುತ್ತದೆ, ತಣ್ಣೀರಿನಲ್ಲಿ ಕರಗುತ್ತದೆ. ನೇರ ತಣ್ಣೀರಿಗೆ ಹಾಕಿದರೆ ಗಂಟುಕಟ್ಟುತ್ತದೆ. ಮೂರನೆಯದು ಆಮ್ಲರಹಿತ ಪಿ.ವಿ.ಎ. (ಪಾಲಿವಿನೈಲ್ ಅಸಿಟೇಟ್, ಮರಗೆಲಸದ ಬಿಳಿ ಅಂಟಿನ ಜಾತಿಯದೇ) ಮತ್ತು ಇದೇ ಜೆಲ್ಲಿಯ ಸಮಪಾಲು ಮಿಶ್ರಣ, ಬಟ್ಟೆ ಮತ್ತು ರಟ್ಟಿನ ಕೆಲಸಕ್ಕೆ ಮಾತ್ರ. ಜೆಲ್ಲಿ ಬೆರೆತರೆ ಒಣಗಲು ಹೊತ್ತು ಹಿಡಿಯುತ್ತದೆ, ಬಟ್ಟೆಯನ್ನು ಸರಿಹೊಂದಿಸಲು ಸಮಯ ಸಿಗುತ್ತದೆ.

ತೇಪೆಗೆ ಕೋಜೋ ನಾರಿನ ಜಪಾನಿ ಕಾಗದ, ಎರಡು ತೂಕದ್ದು: ಹರಿದ ಜಾಗಕ್ಕೆ ಚದರ ಮೀಟರಿಗೆ 9–10 ಗ್ರಾಮಿನದು, ಕೀಲಿಗೆ 25–30 ಗ್ರಾಮಿನದು. ಇದನ್ನು ಕತ್ತರಿಯಿಂದ ಕತ್ತರಿಸುವುದಿಲ್ಲ. ನೀರಿನಲ್ಲಿ ಅದ್ದಿದ ಸಣ್ಣ ಕುಂಚದಿಂದ ಗೆರೆ ಎಳೆದು, ಎರಡೂ ಕಡೆ ಮೆಲ್ಲಗೆ ಎಳೆದರೆ ಅಂಚಿನಲ್ಲಿ ಉದ್ದನೆಯ ನಾರು ಉಳಿಯುತ್ತದೆ. ಆ ನಾರು ತೇಪೆಯ ಅಂಚಿನ ಒತ್ತಡವನ್ನು ಹರಡಿಬಿಡುತ್ತದೆ. ಕತ್ತರಿಸಿದ ನೇರ ಅಂಚು ಬಿಳಿ ಅಂಟಿನ ಅಂಚಿನಂತೆಯೇ ಹೊಸ ಹರಕಿಗೆ ದಾರಿ ಹಾಕಿಕೊಡುತ್ತದೆ.

ಬಳಸುವ ಪ್ರತಿಯೊಂದು ಕಾಗದ, ಬಟ್ಟೆ, ರಟ್ಟಿನ ನಾರು ಬೆನ್ನಿಗೆ ಸಮಾನಾಂತರವಾಗಿ, ಮೇಲಿಂದ ಕೆಳಕ್ಕೆ ಹರಿಯಬೇಕು. ಕಾಗದ ಒದ್ದೆಯಾದಾಗ ನಾರಿಗೆ ಅಡ್ಡಲಾಗಿಯೇ ಹೆಚ್ಚು ಹಿಗ್ಗುತ್ತದೆ, ಒಣಗುವಾಗ ಅಷ್ಟೇ ಕುಗ್ಗುತ್ತದೆ. ನಾರು ಅಡ್ಡವಾದರೆ ಬೆನ್ನಿನುದ್ದಕ್ಕೂ ಸುಕ್ಕು ಬರುತ್ತದೆ, ರಟ್ಟು ಡೊಂಕಾಗುತ್ತದೆ, ಎಷ್ಟು ತೂಕ ಹೇರಿದರೂ ಸರಿಹೋಗುವುದಿಲ್ಲ. ದಿಕ್ಕು ತಿಳಿಯಲು ಕಾಗದವನ್ನು ಎರಡೂ ಕಡೆ ಮೆಲ್ಲಗೆ ಬಾಗಿಸಿ ನೋಡಿ; ಸುಲಭವಾಗಿ ಬಾಗುವಾಗ ಬಾಗಿನ ಗೆರೆ ಯಾವ ಕಡೆಗಿದೆಯೋ ನಾರು ಆ ಕಡೆಗಿದೆ. ಸಂದೇಹವಿದ್ದರೆ ಸಣ್ಣ ಚೂರಿನ ಒಂದು ಮುಖ ಒದ್ದೆ ಮಾಡಿ: ಸುರುಳಿಯ ಅಕ್ಷವೇ ನಾರಿನ ದಿಕ್ಕು.

ಟೇಪು

ಸೆಲೊಫೇನ್ ಟೇಪು ಮಾರುಕಟ್ಟೆಗೆ ಬಂದದ್ದು 1930ರಲ್ಲಿ. ಆದ್ದರಿಂದ ಈ ಟೇಪಿಗೆ ಪುಸ್ತಕದಷ್ಟೇ ವಯಸ್ಸಾಗಿದ್ದರೂ ಆಶ್ಚರ್ಯವಿಲ್ಲ. ಅದರ ರಬ್ಬರಿನ ಅಂಟು ಮೊದಲು ಮೆತ್ತಗಾಗಿ ಎಣ್ಣೆಯಂತೆ ಕಾಗದದೊಳಕ್ಕೆ ಇಳಿಯುತ್ತದೆ, ಆಮೇಲೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಹಳದಿಯಾಗಿ ಗಟ್ಟಿಯಾಗುತ್ತದೆ. ಈ ಪುಸ್ತಕದಲ್ಲಿ ಎರಡೂ ಹಂತ ಇತ್ತು. ಹೊರಗಿನ ಟೇಪು ಒಣಗಿ ಸ್ಪ್ಯಾಚುಲಾ ತಾಗಿದರೆ ಸಿಪ್ಪೆಯಂತೆ ಉದುರುತ್ತಿತ್ತು. ಹೆಸರುಪುಟದ ಮೇಲಿನದು ಇನ್ನೂ ಜಿಗುಟು.

ಜಿಗುಟಿನದಕ್ಕೆ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ಒಂದು ಗೇಣು ದೂರ ಹಿಡಿದು, ಒಂದು ಮೂಲೆಯಡಿ ತೆಳು ಸ್ಪ್ಯಾಚುಲಾ ತೂರಿಸಿ, ಟೇಪನ್ನು ತನ್ನ ಮೇಲೇ ಹಿಂದಕ್ಕೆ ಮಡಚುತ್ತ ಎಳೆಯಬೇಕು. ಮೇಲಕ್ಕೆ ನೆಟ್ಟಗೆ ಎತ್ತಿದರೆ ಕಾಗದದ ಮೇಲ್ಪದರವೂ ಅಕ್ಷರವೂ ಅದರ ಜೊತೆ ಬರುತ್ತವೆ. ಒಂದು ಸಲಕ್ಕೆ 5 ಮಿ.ಮೀ., ಮತ್ತೆ ಬಿಸಿ, ಮತ್ತೆ 5. ಉಳಿದ ಜಿಗುಟನ್ನು ಕ್ರೇಪ್ ರಬ್ಬರಿನಿಂದ ಒಂದೇ ದಿಕ್ಕಿಗೆ ಉರುಳಿಸಿ ತೆಗೆದದ್ದಾಯಿತು. ಅಂಟು ಇಳಿದು ಅರೆಪಾರದರ್ಶಕವಾದ ಹಳದಿ ಪಟ್ಟಿ ಹಾಗೇ ಉಳಿಯಿತು. ಅದನ್ನು ತೆಗೆಯಲು ದ್ರಾವಕ ಬೇಕು, ದ್ರಾವಕಕ್ಕೆ ಗಾಳಿ ಹೀರುವ ಮೇಜು ಬೇಕು. ಅಡುಗೆಮನೆಯ ಕಿಟಕಿ ತೆರೆದು ಮಾಡುವ ಕೆಲಸವಲ್ಲ. ಕಲೆ ಓದಿಗೆ ಅಡ್ಡಿಯಿಲ್ಲ.

ಬೆನ್ನು ಬಿಡಿಸುವುದು

ಹಿಂದಿನ ಕೀಲೂ ಅರ್ಧ ಹರಿದಿದ್ದರಿಂದ ಹೊದಿಕೆಯನ್ನು ಪೂರ್ತಿ ಬೇರ್ಪಡಿಸುವುದೇ ಸರಿಯೆನಿಸಿತು. ರಟ್ಟಿಗೆ ಅಂಟಿದ್ದ ಒಳಹಾಳೆಯನ್ನು ಪೂರ್ತಿ ಕೀಳಲಿಲ್ಲ. ಕೀಲಿನ ಕಡೆಯಿಂದ 30 ಮಿ.ಮೀ. ಮಾತ್ರ ಸ್ಪ್ಯಾಚುಲಾದಿಂದ ಎಬ್ಬಿಸಿ ಹಿಂದಕ್ಕೆ ಮಡಚಿ, ಅದರಡಿಯ ಹಳೆಯ ಜಾಲರಿ ಬಟ್ಟೆಯನ್ನು ಕೊಯ್ದು ಹಾಳೆಕಟ್ಟನ್ನು ಹೊರತೆಗೆಯಲಾಯಿತು. ಬೆನ್ನಿನ ಮೇಲಿದ್ದ, ಹೆಸರು ಒತ್ತಿದ ಬಟ್ಟೆಯ ಪಟ್ಟಿಯನ್ನು ಬಿಡಿಸಿ, ಹಿಂಭಾಗದ ಕಾಗದವನ್ನು ಒಣಗಿದ್ದಂತೆಯೇ ಚೂರುಚೂರಾಗಿ ಕೆರೆದು ತೆಳುಮಾಡಿ, ಲಕೋಟೆಯಲ್ಲಿ ಎತ್ತಿಡಲಾಯಿತು. ಬಣ್ಣ ಬಿಡುವ ಬಟ್ಟೆಯಾದ್ದರಿಂದ ಇಲ್ಲಿ ನೀರು ನಿಷಿದ್ಧ.

ಹಾಳೆಕಟ್ಟನ್ನು ಎರಡು ಹಲಗೆಗಳ ನಡುವೆ ಬೆನ್ನು ಮೇಲ್ಮುಖವಾಗಿ ನಿಲ್ಲಿಸಿ ಕ್ಲಾಂಪ್ ಬಿಗಿದು, ಬೆನ್ನಿನ ಮೇಲೆ ಮಿಥೈಲ್ ಸೆಲ್ಯುಲೋಸ್ ಜೆಲ್ಲಿಯನ್ನು 3–4 ಮಿ.ಮೀ. ದಪ್ಪ ಬಳಿದು ಪ್ಲಾಸ್ಟಿಕ್ ಹಾಳೆ ಮುಚ್ಚಲಾಯಿತು. ನೀರಿನ ಬದಲು ಜೆಲ್ಲಿ ಏಕೆಂದರೆ ಅದು ತೇವವನ್ನು ನಿಧಾನವಾಗಿ ಬಿಡುತ್ತದೆ, ಮಡಿಕೆಗಳೊಳಕ್ಕೆ ಇಳಿಯುವುದಿಲ್ಲ. 25 ನಿಮಿಷಕ್ಕೆ ವಜ್ರದ ಅಂಟು ಉಬ್ಬಿ, ಕಂದು ಲೋಳೆಯಾಗಿ, ಮೊಂಡು ಮೂಳೆಪಟ್ಟಿಗೆ ಸಲೀಸಾಗಿ ಬಂತು. ಹಳೆಯ ಜಾಲರಿಯೂ ಅದರ ಜೊತೆ ಎದ್ದಿತು. ಎರಡನೆಯ ಸಲದ ಲೇಪಕ್ಕೆ ಹೊಲಿಗೆಯ ದಾರಗಳು ಕಣ್ಣಿಗೆ ಬಿದ್ದವು. ಕೆರೆಯುವುದು ಯಾವಾಗಲೂ ಬೆನ್ನಿನುದ್ದಕ್ಕೆ. ಅಡ್ಡ ಕೆರೆದರೆ ದಾರ ಕಿತ್ತುಬರುತ್ತದೆ.

ಮುಂದಿನ ಅಂಚಿನ ಬಿಳಿ ಅಂಟಿನ ವರಸೆ ಬೇರೆ. ಒಣಗಿದ ಪಿ.ವಿ.ಎ. ನೀರಿನಲ್ಲಿ ಕರಗುವುದಿಲ್ಲ. ಅರ್ಧ ಗಂಟೆ ಜೆಲ್ಲಿಯಡಿ ಇದ್ದ ಮೇಲೆ ಅದು ಹಾಲಿನಂತೆ ಬೆಳ್ಳಗಾಗಿ ರಬ್ಬರಿನಂತಾಯಿತು, ಆ ಸ್ಥಿತಿಯಲ್ಲಿ ಒಂದು ತುದಿ ಹಿಡಿದು ಕಾಗದಕ್ಕೆ ಸಮಾನಾಂತರವಾಗಿ ಎಳೆದರೆ ಪಟ್ಟಿಯಾಗಿ ಬರುತ್ತದೆ. ಹತ್ತು ನಿಮಿಷ ತಡಮಾಡಿದರೆ ಮತ್ತೆ ಬಿಗಿಯುತ್ತದೆ. ಒಟ್ಟು ಅಂಟಿನಲ್ಲಿ ಮುಕ್ಕಾಲು ಪಾಲು ಹೀಗೆ ಬಂತು. ಮೊದಲ ಫಾರಂನ ಹೊರಮಡಿಕೆಯ ನಡುಭಾಗದಲ್ಲಿ ಕಾಗದದ ನಾರೂ ಅಂಟಿನ ಜೊತೆ ಏಳತೊಡಗಿದ ಕೂಡಲೇ ನಿಲ್ಲಿಸಲಾಯಿತು. ಅಲ್ಲಿ ತೆಳು ಪದರ ಹಾಗೇ ಇದೆ. ಪಿ.ವಿ.ಎ.ಯನ್ನು ನೇರವಾಗಿ ಹಾಳೆಗೆ ಏಕೆ ಹಚ್ಚಬಾರದು ಎಂದು ಕೇಳುವವರಿಗೆ ಈ ಅರ್ಧ ಗಂಟೆಯ ಕೆಲಸ ತೋರಿಸಿದರೆ ಸಾಕು. 1966ರ ನವೆಂಬರ್ 4ರಂದು ಆರ್ನೋ ನದಿ ಉಕ್ಕಿ ಫ್ಲಾರೆನ್ಸ್‌ನ ರಾಷ್ಟ್ರೀಯ ಗ್ರಂಥಾಲಯದ ಪುಸ್ತಕಗಳು ಕೆಸರು ಪಾಲಾದಾಗ ಹಲವು ದೇಶಗಳ ಕಟ್ಟುಗಾರರು ಅಲ್ಲಿ ಸೇರಿದ್ದರು. ಪುಸ್ತಕ ಸಂರಕ್ಷಣೆ ಇಂದಿನ ರೂಪ ಪಡೆದದ್ದು ಬಹುಮಟ್ಟಿಗೆ ಆ ಕೆಲಸದಿಂದ. ಇಂದು ಹಾಕಿದ ಅಂಟನ್ನು ನಾಳೆ ಬಿಡಿಸಲು ಬರಬೇಕೆಂಬುದು ಆ ಕಸುಬಿನವರು ಬಿಡದೆ ಪಾಲಿಸುವ ನಿಯಮ.

ಬೆನ್ನು ತೇವವಾಗಿರುವಾಗಲೇ ಅದರ ಆಕಾರ ಸರಿಪಡಿಸಬೇಕು, ಒಣಗಿದ ಮೇಲೆ ಸಾಧ್ಯವಿಲ್ಲ. ಕ್ಲಾಂಪ್ ಸಡಿಲಿಸಿ, ಹಾಳೆಕಟ್ಟನ್ನು ಮೇಜಿನ ಮೇಲೆ ಮಲಗಿಸಿ, ಹೆಬ್ಬೆರಳಿನಿಂದ ಎದುರಂಚನ್ನು ಒಳಕ್ಕೆ ತಳ್ಳುತ್ತ ಉಳಿದ ಬೆರಳಿನಿಂದ ಮೇಲಿನ ಫಾರಂಗಳನ್ನು ತಮ್ಮ ಕಡೆಗೆ ಎಳೆದುಕೊಂಡರೆ ಬೆನ್ನು ದುಂಡಾಗುತ್ತದೆ. ಮಗುಚಿ ಇನ್ನೊಂದು ಕಡೆಯೂ ಹಾಗೇ.

ಹೊಲಿಗೆ

ಹೆಸರುಪುಟದ 4 ಮಿ.ಮೀ. ತುಣುಕು ಅಂಟಿನ ಜೊತೆ ಸಿಕ್ಕಿದ್ದರಿಂದ ಅದನ್ನು ಬಿಡಿಸಿ ಹಾಳೆಗೆ ಹೊಂದಿಸಿ, ಹಿಂಭಾಗದಲ್ಲಿ 10 ಮಿ.ಮೀ. ಅಗಲದ ತೆಳು ಕೋಜೋ ಪಟ್ಟಿಯಿಂದ ಸೇರಿಸಲಾಯಿತು. ಮೊದಲ ಫಾರಂನ ಹೊರಗಿನ ಜೋಡಿಹಾಳೆಯ ಮಡಿಕೆಗೆ ಹೊರಗಡೆಯಿಂದ, ಒಳಗಿನ ಜೋಡಿಹಾಳೆಯ ಮಡಿಕೆಗೆ ಒಳಗಡೆಯಿಂದ 12 ಮಿ.ಮೀ. ಪಟ್ಟಿ. ನಡುವಿನ ಎರಡು ಜೋಡಿ ಚೆನ್ನಾಗಿದ್ದವು, ಮುಟ್ಟಲಿಲ್ಲ. ನಾಲ್ಕಕ್ಕೂ ಪಟ್ಟಿ ಹಾಕಿದರೆ ಮಡಿಕೆಯ ಕಡೆ ಫಾರಂ ದಪ್ಪವಾಗಿ, ರಟ್ಟು ಮುಚ್ಚಿದಾಗ ಮುಂಭಾಗ ಬಾಯಿ ಬಿಡುತ್ತದೆ. ಪ್ರತಿ ತೇಪೆಯ ಮೇಲೆ ನೇಯದ ಪಾಲಿಯೆಸ್ಟರ್ ಬಟ್ಟೆ, ಅದರ ಮೇಲೆ ಬ್ಲಾಟಿಂಗ್ ಕಾಗದ, ಗಾಜಿನ ತುಂಡು, ತೂಕ. ಬ್ಲಾಟಿಂಗನ್ನು ಹತ್ತು ನಿಮಿಷಕ್ಕೊಮ್ಮೆ, ಆಮೇಲೆ ಒಂದು ಗಂಟೆಗೆ ಬದಲಿಸಿ ರಾತ್ರಿ ಬಿಡಬೇಕು. ಬಯಲಲ್ಲಿ ಒಣಗಲು ಬಿಟ್ಟ ತೇಪೆ ಹಾಳೆಯನ್ನು ಸೆಳೆದು ಸುಕ್ಕುಗಟ್ಟಿಸುತ್ತದೆ.

ದಾರ ನಾರಗಸೆಯದು (ಲಿನನ್), 25/3, ಅಂದರೆ 25ನೇ ನಂಬರಿನ ಮೂರು ಎಳೆ ಹೊಸೆದದ್ದು, ಸುಮಾರು 700 ಮಿ.ಮೀ.; ಜೇನುಮೇಣದ ಮೇಲೆ ಎರಡು ಸಲ ಎಳೆದದ್ದು. ಹೊಸ ತೂತು ಬೇಡ, ಹಳೆಯವುಗಳಲ್ಲೇ ಸೂಜಿ ಹೋಗಬೇಕು. ಎರಡನೆಯ ಫಾರಂನ ಒಂದು ತುದಿಯಿಂದ ಒಳಹೊಕ್ಕು, ಪ್ರತಿ ಹೊಲಿಗೆಯ ತೂತಿನಲ್ಲಿ ಹೊರಬಂದಾಗ ಮೂರನೆಯ ಫಾರಂನ ಹಳೆಯ ದಾರದಡಿ ಸೂಜಿ ತೂರಿಸಿ ಮತ್ತೆ ಒಳಕ್ಕೆ. ಕೊನೆ ಮುಟ್ಟಿದ ಮೇಲೆ ಮೊದಲ ಫಾರಂ ಇಟ್ಟು ಅದೇ ದಾರದಲ್ಲಿ ವಾಪಸ್ ಬಂದು, ತುದಿಯಲ್ಲಿ ಕೆಳಗಿನ ಫಾರಂಗಳ ನಡುವೆ ಗಂಟು ಹಾಕಿ ಮುಗಿಸುವುದು. ದಾರವನ್ನು ಮಡಿಕೆಯ ದಿಕ್ಕಿನಲ್ಲೇ ಎಳೆದು ಬಿಗಿಯಬೇಕು. ಹಾಳೆಗೆ ಲಂಬವಾಗಿ ಜಗ್ಗಿದರೆ ಹಳೆಯ ಕಾಗದವನ್ನು ದಾರವೇ ಗರಗಸದಂತೆ ಕೊಯ್ಯುತ್ತದೆ.

ಪದರಗಳು

ಬೆನ್ನಿಗೆ ಮೊದಲು ಪಿಷ್ಟದ ಅಂಟಿನಲ್ಲಿ ತೆಳು ಕೋಜೋ ಕಾಗದ, ಮೆದು ಬ್ರಶ್‌ನಿಂದ ಫಾರಂಗಳ ನಡುವಿನ ತಗ್ಗುಗಳಿಗೆ ಕುಟ್ಟಿ ಕೂರಿಸಿದ್ದು. ಇಡೀ ರಚನೆಯಲ್ಲಿ ಮುಖ್ಯ ಪದರ ಇದೇ. ಇದರ ಮೇಲೆ ಬರುವ ಯಾವ ಅಂಟೂ ಹಾಳೆಯ ಮಡಿಕೆಯನ್ನು ಮುಟ್ಟುವುದಿಲ್ಲ, ಮುಂದೊಂದು ದಿನ ಒದ್ದೆ ಮಾಡಿದರೆ ಮೇಲಿನದೆಲ್ಲ ಒಟ್ಟಿಗೆ ಕಳಚಿ ಬರುತ್ತದೆ. ಒಣಗಿದ ಮೇಲೆ ಜಾಲರಿ ಬಟ್ಟೆ, ಅದೂ ಪಿಷ್ಟದಲ್ಲೇ: ಉದ್ದ 195 ಮಿ.ಮೀ., ಅಂದರೆ ಮೇಲೆ ಕೆಳಗೆ 15 ಕಡಿಮೆ. ಅಗಲ 96, ಬೆನ್ನಿನ 40 ಮತ್ತು ಎರಡೂ ಕಡೆ ರಟ್ಟಿನ ಮೇಲೆ ಹೋಗಲು 28.

ಆಮೇಲೆ ಟೊಳ್ಳು ಕೊಳವೆ. 120 ಮಿ.ಮೀ. ಅಗಲ, 225 ಎತ್ತರದ ಕ್ರಾಫ್ಟ್ ಕಾಗದವನ್ನು ಮೂರು ಸಮಭಾಗ ಮಡಚಿ, ಮೂರನೆಯ ಮಡಿಕೆಯನ್ನು ಮೊದಲನೆಯದರ ಮೇಲೆ ಅಂಟಿಸಿದರೆ ಚಪ್ಪಟೆ ಕೊಳವೆಯಾಗುತ್ತದೆ. ಒಂದೇ ಪದರವಿರುವ ಮುಖ ಹಾಳೆಕಟ್ಟಿನ ಕಡೆಗೆ, ಜೋಡಿ ಪದರದ ಮುಖ ಹೊದಿಕೆಯ ಕಡೆಗೆ. ಪುಸ್ತಕ ತೆರೆದಾಗ ಬೆನ್ನು ಮೇಲಕ್ಕೆ ಬಾಗುತ್ತದೆ, ಹೊರಬಟ್ಟೆ ಇದ್ದಲ್ಲೇ ಇರುತ್ತದೆ, ನಡುವೆ ಕೊಳವೆ ಬಾಯ್ದೆರೆಯುತ್ತದೆ. ಹೆಸರು ಒತ್ತಿದ ಹಳೆಯ ಬಟ್ಟೆ ಇನ್ನು ಮಡಿಕೆ ಬೀಳದೆ ಉಳಿಯುವುದು ಇದರಿಂದ. ಅಗಲ 40ಕ್ಕಿಂತ ಒಂದು ಕೂದಲೆಳೆ ಹೆಚ್ಚಾದರೂ ಕೊಳವೆಯ ಅಂಚು ಕೀಲಿಗೆ ಇಳಿದು ರಟ್ಟು ತೆರೆಯಲು ಅಡ್ಡ ಬರುತ್ತದೆ. ಅಂಟಿಸುವ ಮುಂಚೆ ಇಟ್ಟು ನೋಡಿ, ಬೇಕಿದ್ದರೆ ಅರ್ಧ ಮಿ.ಮೀ. ಕಡಿಮೆಯೇ ಇರಲಿ.

ಹೊದಿಕೆ

ರಟ್ಟುಗಳ ಎತ್ತರ 231 ಮಿ.ಮೀ. ಹೊಸ ಬಟ್ಟೆ: ಬೆನ್ನಿಗೆ 40, ಎರಡು ಕೀಲಿಗೆ 8ರಂತೆ 16, ಎರಡು ರಟ್ಟಿನ ಮೇಲೆ 25ರಂತೆ 50, ಒಟ್ಟು ಅಗಲ 106; ಎತ್ತರ ರಟ್ಟಿನದಕ್ಕೆ ಮೇಲೆ ಕೆಳಗೆ 15 ಮಡಚಲು ಸೇರಿಸಿ 261. ಬಣ್ಣ ಹಳೆಯದಕ್ಕಿಂತ ಒಂದು ಛಾಯೆ ಗಾಢವಾಗಿದ್ದರೆ ಕಣ್ಣಿಗೆ ಹಿತ. ತಿಳಿಯಾದರೆ ತೇಪೆ ಎದ್ದು ಕಾಣುತ್ತದೆ.

ರಟ್ಟಿನ ಕೀಲಂಚಿನಲ್ಲಿ ಹಳೆಯ ಬಟ್ಟೆಯನ್ನು 25 ಮಿ.ಮೀ. ಎಬ್ಬಿಸುವುದೇ ಇಡೀ ಕೆಲಸದ ನಾಜೂಕಿನ ಭಾಗ. ತೆಳು ಚಾಕು ರಟ್ಟಿನ ಕಡೆಗೇ ಒರಗಿರಲಿ. ಬಟ್ಟೆಯ ಬದಲು ರಟ್ಟಿನ ಮೇಲ್ಪದರ ಎದ್ದು ಬಂದರೆ ತೊಂದರೆಯಿಲ್ಲ, ಆ ತಗ್ಗಿನಲ್ಲಿ ಹೊಸ ಬಟ್ಟೆ ಉಬ್ಬು ಕಾಣದಂತೆ ಕೂರುತ್ತದೆ. ಮಿಶ್ರ ಅಂಟು ಹಚ್ಚಿದ ಹೊಸ ಬಟ್ಟೆಯನ್ನು ಹಳೆಯದರಡಿ ತೂರಿಸಿ, ಎರಡು ರಟ್ಟಿನ ನಡುವಿನ ಅಂತರವನ್ನು ಕೊಳವೆ ಹಾಕಿದ ಹಾಳೆಕಟ್ಟಿನ ಮೇಲೆಯೇ ಅಳೆದು, ಮೇಲೆ ಕೆಳಗೆ ಒಳಮಡಚಿ ಹೊದಿಕೆ ತಯಾರಾಯಿತು. ಲೆಕ್ಕ 56 ಅನ್ನುತ್ತಿತ್ತು. ಹಾಳೆಕಟ್ಟಿನ ಮೇಲೆ ಅದು 57 ಆಯಿತು, ಏಕೆಂದರೆ ಹೊಸ ಪದರಗಳು ಬೆನ್ನನ್ನು ಕೊಂಚ ಅಗಲಿಸಿದ್ದವು. ಹಳೆಯ ಬಟ್ಟೆಯ ಎದ್ದ ಅಂಚನ್ನು ವಾಪಸ್ ಅಂಟಿಸಲು ಅಂಟು ತೀರ ಕಡಿಮೆ ಸಾಕು. ಜಾಸ್ತಿಯಾದರೆ ನೇಯ್ಗೆಯಿಂದ ಮೇಲಕ್ಕೆ ಜಿನುಗಿ, ಈ ಬಟ್ಟೆಯಲ್ಲಂತೂ ಬಣ್ಣ ಕದಡುತ್ತದೆ.

ಹೊದಿಕೆಯ ಬೆನ್ನನ್ನು ಕೊಳವೆಗೆ ಅಂಟಿಸಿ ಒಣಗಿದ ಮೇಲೆ, ಜಾಲರಿಯ ರೆಕ್ಕೆಗಳನ್ನು ಎಬ್ಬಿಸಿದ ಒಳಹಾಳೆಯಡಿ ರಟ್ಟಿಗೆ ಅಂಟಿಸಲಾಯಿತು. ಹರಿದ ಒಳಕೀಲಿಗೆ 25 ಮಿ.ಮೀ. ಅಗಲದ ದಪ್ಪ ಕೋಜೋ, ತೆಳು ಅಕ್ರಿಲಿಕ್ ಬಣ್ಣದಲ್ಲಿ ಒಳಹಾಳೆಯ ಛಾಯೆಗೆ ತಂದು ಒಣಗಿಸಿಟ್ಟದ್ದು. ಇದನ್ನು ರಟ್ಟು ತೆರೆದಿರುವಾಗಲೇ ಅಂಟಿಸಬೇಕು. ಮುಚ್ಚಿದ ಸ್ಥಿತಿಯ ಅಳತೆಗೆ ಬಿಗಿಯಾಗಿ ಹಾಕಿದರೆ ಮೊದಲ ಸಲ ತೆರೆದಾಗಲೇ ಹರಿಯುತ್ತದೆ. ಪೆನ್ನಿನ ಬರಹವಿದ್ದ ಹಾಳೆ ಈ ಪಟ್ಟಿಯ ಮೇಲೆ 4 ಮಿ.ಮೀ. ಅಂಟಿನಲ್ಲಿ ನಿಂತಿದೆ, ಅಂಟು ಬಹುತೇಕ ಒಣಗಿದ ಹದದಲ್ಲಿದ್ದಾಗ ಒತ್ತಿದ್ದು, ಶಾಯಿ ಅಲುಗಲಿಲ್ಲ.

ಎತ್ತಿಟ್ಟಿದ್ದ ಹೆಸರಿನ ಪಟ್ಟಿ ಹೊಸ ಬೆನ್ನಿನ ಮೇಲೆ ಕೂತಿತು. ನೆತ್ತಿಯಲ್ಲಿ ಕಳೆದುಹೋದ 18 ಮಿ.ಮೀ. ಜಾಗದಲ್ಲಿ ಹೊಸ ಬಟ್ಟೆಯೇ ಕಾಣುತ್ತದೆ. ಅಲ್ಲಿಗೆ ಹಳೆಯ ಬಟ್ಟೆಯಂತೆ ಬಣ್ಣ ಬಳಿಯುವವರಿದ್ದಾರೆ. ಇಲ್ಲಿ ಅದರ ಗೋಜಿಗೆ ಹೋಗಲಿಲ್ಲ.

ಕೀಲಿನ ತಗ್ಗುಗಳಲ್ಲಿ 3 ಮಿ.ಮೀ. ದಪ್ಪದ ಹೆಣಿಗೆ ಕಡ್ಡಿಗಳನ್ನಿಟ್ಟು, ರಟ್ಟು ಮತ್ತು ಹಾಳೆಯ ನಡುವೆ ಪಾಲಿಯೆಸ್ಟರ್ ಫಿಲ್ಮು ಹಾಗೂ ಬ್ಲಾಟಿಂಗ್ ಸೇರಿಸಿ, ಹಲಗೆಯ ಮೇಲೆ 5 ಕೆ.ಜಿ. ತೂಕದಡಿ ಎರಡು ದಿನ. ಫಿಲ್ಮು ಮರೆತರೆ ರಟ್ಟಿನ ತೇವವೆಲ್ಲ ಮೊದಲ ಫಾರಂಗೆ ಇಳಿದು, ಸರಿಮಾಡಿದ ಹಾಳೆಗಳೇ ಅಲೆಯಲೆಯಾಗುತ್ತವೆ.

ಉಳಿದದ್ದು

ಪುಸ್ತಕ ಈಗ ನಡುವಿನಲ್ಲಿ ತೆರೆದರೆ ತಾನಾಗಿ ಮಲಗುತ್ತದೆ, ಕೊಳವೆ ದುಂಡಗೆ ತೆರೆಯುತ್ತದೆ. ಮುಂದಿನ ರಟ್ಟು ಮೊದಲ ಹಾಳೆಯನ್ನು ಎಳೆಯದೆ 120 ಡಿಗ್ರಿ ಹೋಗುತ್ತದೆ. ಅದಕ್ಕಿಂತ ಆಚೆ ಹೋದಾಗ ಬಿಳಿ ಅಂಟಿನ ತೆಳು ಪದರ ಉಳಿದ ಜಾಗದಲ್ಲಿ ಹಾಳೆ ಕೊಂಚ ಏಳುತ್ತದೆ. ಹಾಗಾಗಿ ಓದುವಾಗ ಎರಡೂ ರಟ್ಟಿನಡಿ ಸುತ್ತಿದ ಬಟ್ಟೆಯ ಆಸರೆ ಬೇಕು.

ಹಾಳೆಗಳ ಮೇಲಿನ ಕಂದು ಚುಕ್ಕೆಗಳನ್ನು ಮುಟ್ಟಲಿಲ್ಲ. ಮನೆಯ ಬ್ಲೀಚು ಅವನ್ನು ಮರೆಮಾಡಬಹುದು, ಆದರೆ ನಾರನ್ನೂ ತಿನ್ನುತ್ತದೆ. ಕಾಗದದ ಆಮ್ಲ ತೆಗೆಯುವ ಪ್ರಯತ್ನವೂ ಇಲ್ಲ: ಸುಣ್ಣದ ನೀರಿನ ಸ್ನಾನಕ್ಕೆ ಹೊಲಿಗೆ ಬಿಚ್ಚಿ ಹಾಳೆ ಹಾಳೆ ಬೇರ್ಪಡಿಸಬೇಕು, ಇಷ್ಟು ಭದ್ರವಾದ 28 ಫಾರಂಗಳಿಗೆ ಅದು ದಂಡ. ಮುಗ್ಗಲು ವಾಸನೆಗೆ ದೊಡ್ಡ ಮುಚ್ಚಿದ ಡಬ್ಬಿಯಲ್ಲಿ ಒಂದು ಬಟ್ಟಲು ಸಕ್ರಿಯ ಇದ್ದಿಲು, ಪುಸ್ತಕಕ್ಕೆ ತಾಗದಂತೆ, ಎರಡು ವಾರ. ಪೂರ್ತಿ ಹೋಗಲಿಲ್ಲ, ತೆರೆದ ಕೂಡಲೇ ಮೂಗಿಗೆ ಬಡಿಯುವುದು ನಿಂತಿತು.

ಇಡುವ ಜಾಗ 18–21 ಡಿಗ್ರಿ, ಸಾಪೇಕ್ಷ ಆರ್ದ್ರತೆ 35–50 ಶೇಕಡಾ ಇದ್ದರೆ ಉತ್ತಮ. ಆರ್ದ್ರತೆ 65 ದಾಟಿದರೆ ಬೂಷ್ಟು ಮತ್ತೆ ಚಿಗುರುತ್ತದೆ. ಹೊರಗೋಡೆಗೆ ತಾಗದಂತೆ, ಪಕ್ಕದ ಪುಸ್ತಕ ಆತುಕೊಳ್ಳುವಷ್ಟು ಬಿಗಿಯಾಗಿ, ನೆಟ್ಟಗೆ ನಿಲ್ಲಿಸಿ. ತೆಗೆಯುವಾಗ ಅಕ್ಕಪಕ್ಕದವನ್ನು ಹಿಂದೆ ತಳ್ಳಿ ನಡುವಿಗೆ ಕೈಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡುವುದು ಬೇಡ. ಆಮ್ಲರಹಿತ ದಪ್ಪ ಕಾಗದದ ನಾಲ್ಕು ರೆಕ್ಕೆಯ ಪೆಟ್ಟಿಗೆ ಸಾಕು, ಒಳ ಅಳತೆ ಪುಸ್ತಕಕ್ಕಿಂತ ಎಲ್ಲ ಕಡೆ 2 ಮಿ.ಮೀ. ದೊಡ್ಡದು. ಬಳಸಿದ ಅಂಟು, ಕಾಗದ ಮತ್ತು ಪಿ.ವಿ.ಎ. ಉಳಿದಿರುವ ಜಾಗವನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿ ಪೆಟ್ಟಿಗೆಯಲ್ಲಿದೆ. ಆರು ತಿಂಗಳಿಗೊಮ್ಮೆ ಮುಂದಿನ ಒಳಕೀಲನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು: ಕೋಜೋ ಪಟ್ಟಿಯ ನಡುವೆ ಬಿಳಿ ಗೆರೆ ಮೂಡಿದ್ದರೆ ಪಟ್ಟಿ ಸವೆಯುತ್ತಿದೆ, ಅದನ್ನಷ್ಟೇ ಒದ್ದೆ ಮಾಡಿ ತೆಗೆದು ಹೊಸದು ಹಾಕಬಹುದು; ಪಟ್ಟಿ ಗಟ್ಟಿಯಾಗಿದ್ದು ಪಕ್ಕದ ಹಾಳೆಯಲ್ಲಿ ಗೆರೆ ಮೂಡಿದ್ದರೆ ಪಟ್ಟಿ ಹೆಚ್ಚು ಬಲವಾಯಿತು ಎಂದರ್ಥ, ಮುಂದಿನ ಸಲ 25ರ ಬದಲು 18 ಗ್ರಾಮಿನ ಕಾಗದ ಬಳಸಬೇಕು.